ಲೋಡು ಹಾಕಿದರೆ ಇಳಿಯುವ ಮುಳ್ಳು

ಪಂಚಮಿಗೆ ತಮ್ಮ ಬಂದು ಅಕ್ಕನನ್ನು ಕರೆದುಕೊಂಡು ಹೋಗುವುದಕ್ಕೂ ಟ್ರಾನ್ಸ್‌ಫಾರ್ಮರಿಗೂ ಏನು ಸಂಬಂಧ? ಮಲ್ಕಾಜ್‌ಗಿರಿಯ ಅಮರೇಶಪ್ಪನ ಮನೆಯಲ್ಲಿ ಈ ವರ್ಷ ಇತ್ತು.

"ನಿನ್ನ ತಮ್ಮ ಬರಲಿ. ನನ್ನ ಮೀಟರ್ ನೋಡಿ, ಬಾಯಿ ಬಿಟ್ಟು ಖರೇ ಐತಿ ಅನ್ನಲಿ. ಆಮ್ಯಾಲ ನೀ ಹೋಗು. ಇಲ್ಲಾಂದ್ರ ಅವ ಈ ಹೊಸ್ತಿಲಾ ತುಳಿಯೂದು ಇದ ಕಡೀ" ಎಂದಿದ್ದ ಅಮರೇಶಪ್ಪ, ಹೆಂಡತಿಗೆ.

ಸಾವಿತ್ರಿಬಾಯಿಗೆ ಮದುವೆಯಾಗಿ ಮೂವತ್ತಾರು ವರ್ಷ, ಒಂದು ಪಂಚಮಿಯೂ ತವರು ತಪ್ಪಿರಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಕೊಂಡಾಪುರದ ತಮ್ಮನ ಫ್ಲ್ಯಾಟೇ ಅವಳ ತವರು.

ಗಂಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಾಯಿಲ್ ಸುತ್ತಿ ನಿವೃತ್ತನಾದವನು. ಕೈ ಬಂಗಾರದ್ದು, ನಾಲಗೆ ಮಾತ್ರ ಬೆಂಕಿ. ಯೂಟ್ಯೂಬಿನಲ್ಲಿ ಯಾವನೋ ಹೇಳಿದ್ದು ಅವನ ತಲೆಗೆ ಹೊಕ್ಕಿತ್ತು. ಟ್ರಾನ್ಸ್‌ಫಾರ್ಮರಿಗೆ ಬಲ್ಬಿನಂಥ ಲೋಡು ಹಾಕಿದಾಗ ಎರಡನೇ ಕಾಯಿಲಿನ ಕಾಂತಶಕ್ತಿ ಮೊದಲನೆಯದಕ್ಕೆ ಎದುರು ನಿಲ್ಲುತ್ತದೆ. ಸಣ್ಣ ತಂತಿಯನ್ನು ಸಾವಿರಗಟ್ಟಲೆ ಸುತ್ತಿದರೆ ಆ ವಿರೋಧ ತಡವಾಗಿ ಬರುತ್ತದೆ, ತಡವಾಗಿ ಬಂದದ್ದು ತಡೆಯುವ ಬದಲು ತಳ್ಳುತ್ತದೆ, ಕರೆಂಟು ಪುಕ್ಕಟೆ! ಅವನು ಸುತ್ತಿದ್ದರಲ್ಲಿ ಬಲ್ಬು ಹತ್ತಿದಾಗ ಆಂಪಿಯರ್ ಮೀಟರಿನ ಮುಳ್ಳು ಏರುವ ಬದಲು ನಿಜವಾಗಿಯೂ ಇಳಿಯುತ್ತಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ಹೆಂಡತಿಯ ತಮ್ಮ ಮಾಣಿಕಪ್ಪ ಮಾತ್ರ ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ, "ಮಾವನ ಮಷೀನು ಕರೆಂಟ್ ಉಳಸಾಂಗಿಲ್ಲ, ಮರ್ಯಾದಿ ಕಳೀತೈತಿ" ಎಂದು ಬರೆದುಬಿಟ್ಟಿದ್ದ. ಜಗಳ ಹತ್ತಿದ್ದು ಅಲ್ಲಿಂದ.

ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಮಾಣಿಕಪ್ಪ ಬಂದ. ಅಮರೇಶಪ್ಪ ನೀರು ಕುಡಿಯಲೂ ಬಿಡಲಿಲ್ಲ.

"ನೋಡು. ಲೋಡ್ ಇಲ್ಲ, ಆರು ಪಾಯಿಂಟ್. ಈಗ ಬಲ್ಬ್ ಹಚ್ಚಾಕತ್ತೀನಿ. ಎಷ್ಟಾತು?"

"ನಾಕೂವರಿ."

"ಏರಿತೋ, ಇಳೀತೋ? ನಾಲಿಗಿ ಬಿದ್ದೋತೇನು?"

ಮಾಣಿಕಪ್ಪ ಅಕ್ಕನ ಮುಖ ನೋಡಿದ. ಅವಳು ಕಟ್ಟಿಟ್ಟ ಹಬ್ಬದ ಉಂಡಿಯ ಡಬ್ಬಿ, ಸೀರೆಯ ಚೀಲ ಬಾಗಿಲಲ್ಲೇ ಇದ್ದವು. ಅವನು ತಲೆ ತಗ್ಗಿಸಿದ.

"ಖರೇ ಐತಿ, ಮಾವ. ನಂದ ತಪ್ಪಾತು."

"ಹಂಗಲ್ಲ!" ಅಮರೇಶಪ್ಪ ಫೋನು ತೆಗೆದ. "ಇನ್ನೊಮ್ಮೆ ಹೇಳು. ರೆಕಾರ್ಡ್ ಮಾಡಿ ಗುಂಪಿಗೆ ಹಾಕ್ತೀನಿ. ಎಲೆಕ್ಟ್ರಿಕಲ್ ಮಾಸ್ತರ ಅಂತನೂ ಹೇಳು."

ಮಾಣಿಕಪ್ಪನ ಮುಖ ಕಪ್ಪಿಟ್ಟಿತು. ಸಾವಿತ್ರಿಬಾಯಿಗೆ ತಡೆಯಲಾಗಲಿಲ್ಲ. ಹೋಗಿ ಫ್ರಿಜ್ಜು, ಫ್ಯಾನು ಎಲ್ಲ ಬಂದ್ ಮಾಡಿದಳು. ಬಾಗಿಲ ಪಕ್ಕದ ಕರೆಂಟ್ ಮೀಟರಿನ ಕೆಂಪು ದೀಪಕ್ಕೆ ಬೆರಳು ತೋರಿಸಿದಳು.

"ಮುಳ್ಳ ಬಿಡ್ರಿ. ಬಿಲ್ ಬರೂದು ಇದು ಮಿಣುಕಿದಷ್ಟು. ಲೋಡ್ ಇಲ್ಲದಾಗ ಐದ ಮಿನಿಟಿಗೆ ಆರ ಸಲ ಮಿಣಕತೈತಿ. ಬಲ್ಬ್ ಹಚ್ಚಿದಾಗ ಇಪ್ಪತ್ತೆರಡು. ಬೇಕಾದ್ರ ಎಣಸ್ರಿ."

ಬಲ್ಬು ಆರಿಸಿ ಮೂವರೂ ನಿಂತು ಎಣಿಸಿದರು. ಆರು. ಬಲ್ಬು ಹಚ್ಚಿ ಮತ್ತೆ ಐದು ನಿಮಿಷ. ಇಪ್ಪತ್ತೆರಡು. ಅಮರೇಶಪ್ಪ ಫೋನು ಜೇಬಿಗೆ ಹಾಕಿಕೊಂಡ.

ಮಾಣಿಕಪ್ಪನಿಗೆ ಜೀವ ಬಂತು. "ನಾ ಮೊದಲ ಹೇಳಿದ್ದೆ! ಆಂಪಿಯರ್ ಒಂದ ನೋಡಿದ್ರ ವಾಟ್ ತಿಳಿಯಾಂಗಿಲ್ಲ. ವೋಲ್ಟು ಆಂಪಿಯರು ಹಿಂದ ಮುಂದ ನಡದಾಗ ಮುಳ್ಳು ಸುಳ್ಳ ತೋರಸತೈತಿ. ಫಸ್ಟ್ ಇಯರ್ ಹುಡುಗರಿಗೆ ಗೊತ್ತೈತಿ ಇದು." ಅವನು ನಗತೊಡಗಿದ.

ಆ ನಗೆ ಕೇಳಿ ಸಾವಿತ್ರಿಬಾಯಿಗೆ ಮೈಯೆಲ್ಲ ಉರಿಯಿತು.

"ನಗಬ್ಯಾಡ. ಗೊತ್ತಿದ್ದೂ ಖರೇ ಐತಿ ಅಂದಿ. ಇವರು ತಪ್ಪು ತಿಳ್ಕೊಂಡಿದ್ರು, ಸುಳ್ಳಂತೂ ಹೇಳಲಿಲ್ಲ. ಸುಳ್ಳಾಡಿ ಕರ್ಕೊಂಡು ಹೋಗೂ ತವರು ನನಗ ಬ್ಯಾಡ. ನಡಿ."

"ಅಕ್ಕಾ, ನಿನ್ನ ಸಲುವಾಗೇ ಅಂದೆ."

"ನಡಿ ಅಂದೆ."

ಮಾಣಿಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಅವಳು ಬಾಗಿಲು ಹಾಕಿ ತಿರುಗಿದಳು. ಗಂಡನಿಗಾಗಿ ತವರನ್ನೇ ಬಿಟ್ಟೆನಲ್ಲ, ಈಗಲಾದರೂ ಒಂದು ಮೆತ್ತನೆಯ ಮಾತು ಬಂದೀತು ಎಂಬ ಆಸೆ ಅವಳಿಗಿತ್ತು.

ಅಮರೇಶಪ್ಪ ಇನ್ನೂ ಮೀಟರಿನ ಮುಂದೆಯೇ ನಿಂತಿದ್ದ.

"ಯಾವಾಗ ಎಣಿಸಿದ್ದಿ?"

"ಯುಗಾದಿ ದಿವಸ. ನೀವು ತಂತಿ ತರಾಕ ಕೋಠಿ ಬಜಾರಿಗೆ ಹೋದಾಗ. ನೀವ ಗೆಲ್ಲಬೇಕಂತ ಎಣಿಸಿದ್ದೆರಿ."

"ಅವ ಒಂದ ಮಿನಿಟು ಸುಳ್ಳ ಹೇಳಿದ, ಹೊರಗ ಹಾಕಿದಿ. ನೀ ನಾಕ ತಿಂಗಳು ನಾ ಕುಣಿಯೂದು ನೋಡ್ಕೋತ ಚಹಾ ಮಾಡಿ ಕೊಟ್ಟಿ. ನಿನಗೇನ್ ಮಾಡಲಿ?"