ಬಂಡೆ ಈರುಳ್ಳಿಯ ಚುಕ್ಕೆ

ಸ್ಟುಡಿಯೋ ಹನುಮಂತರಾಯಪ್ಪ ಹಳದಿ ಕವರಿನಿಂದ ಫೋಟೋವನ್ನು ಎರಡೇ ಬೆರಳಲ್ಲಿ ಎಳೆದು ಮೇಜಿನ ಮೇಲಿಟ್ಟು, ಹೆಣ್ಣು ತೋರಿಸುವವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

“ಮೊದ್ಲು ನೋಡಿ ಸಾರ್, ಆಮೇಲೆ ಮಾತಾಡಿ.”

ಲಕ್ಷ್ಮಣಪ್ಪ ಕೈಯನ್ನು ಅಂಗಿಗೆ ಒರೆಸಿಕೊಂಡ. ಪೀಣ್ಯದ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಕೆಲಸ ಅವನದು. ಶಿಫ್ಟ್ ಮುಗಿಸಿ ಮನೆಗೂ ಹೋಗದೆ ಬಂದಿದ್ದ. ೧೯೭೫ರಲ್ಲಿ ಕಾರ್ಖಾನೆಯ ಹೊಸ ಶೆಡ್ಡಿಗೆಂದು ಊರ ಪಕ್ಕದ ಬಂಡೆಗೆ ಸಿಡಿಮದ್ದು ಇಡುವ ಹಿಂದಿನ ದಿನ, ಅದರ ಸಂದಿಯಿಂದ ಹನ್ನೊಂದು ಗೆಡ್ಡೆ ಕಿತ್ತು ತಂದು ಎಣ್ಣೆ ಡಬ್ಬಗಳಲ್ಲಿ ನೆಟ್ಟಿದ್ದ. ಊರವರ ಬಾಯಲ್ಲಿ ಅದು ಬಂಡೆ ಈರುಳ್ಳಿ. ದನವೂ ಮೂಸದ ಗಿಡ. “ತಿನ್ನೋಕಿಲ್ಲ, ಮುಡಿಯೋಕಿಲ್ಲ. ಎತ್ತೋರಿಗೆ ಎಗ್ಗಣ ಮುದ್ದು,” ಎಂದು ಹೆಂಡತಿ ಭದ್ರಮ್ಮ ನಗುತ್ತಿದ್ದಳು, ನಗುತ್ತಲೇ ನೀರೂ ಹಾಕುತ್ತಿದ್ದಳು. ನಾಲ್ಕು ವರ್ಷದಲ್ಲಿ ಹತ್ತು ಕೊಳೆತು ಹೋದವು.

ಉಳಿದ ಒಂದು ಈ ಜೂನ್‌ನಲ್ಲಿ ಹೂ ಬಿಟ್ಟಿತು. ಬೆಳಿಗ್ಗೆ ಅರಳಿ ಸಂಜೆಗೆ ಬಾಡುವ ಪುಟ್ಟ ಬಿಳಿ ಹೂ. ಎಸಳಿನ ಬುಡದಲ್ಲಿ ಕಪ್ಪು ಚುಕ್ಕೆಗಳು. ಭಾವಮೈದ ಕೃಷ್ಣಪ್ಪ ಮಗಳ ನಾಮಕರಣಕ್ಕೆ ತಂದಿದ್ದ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋ ಬಾಕಿಯಿತ್ತು. ಲಕ್ಷ್ಮಣಪ್ಪ ಉಸಿರು ಬಿಗಿಹಿಡಿದು ಅದನ್ನು ತೆಗೆದ. ಮಳೆ ಹಿಡಿದ ವಾರದಲ್ಲಿ ಆ ಗೆಡ್ಡೆಯೂ ಕೊಳೆತು ಗಂಜಿಯಂತಾಯಿತು. ಆವತ್ತು ಬಚ್ಚಲಿಗೆ ಹೋಗಿ ಅತ್ತುಬಿಟ್ಟಿದ್ದ.

ಹೂವಿನ ವಿಷಯ ಹೇಳಿದಾಗ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಹೇಳಿದ್ದು ಇಷ್ಟು: “ಚುಕ್ಕೆ ಇರೋದನ್ನ ನಾನೆಲ್ಲೂ ಕಂಡಿಲ್ಲ ಕಣ್ರೀ. ಫೋಟೋದಲ್ಲಿ ತೋರಿಸಿ, ಹೊಸ ಜಾತಿ ಅಂತ ಬರೆಯೋಣ. ಬರೀ ಬಾಯಿಮಾತು ಯಾರೂ ನಂಬಲ್ಲ.”

ಲಕ್ಷ್ಮಣಪ್ಪ ಫೋಟೋದ ಮೇಲೆ ಬಗ್ಗಿದ. ಹೂ ಇತ್ತು. ಎಸಳುಗಳು ಬುಡದಿಂದ ತುದಿಯವರೆಗೂ ಅಚ್ಚ ಬಿಳಿ.

“ಚುಕ್ಕೆ?”

“ಒಂದೂ ಬಿಟ್ಟಿಲ್ಲ ಸಾರ್!” ಹನುಮಂತರಾಯಪ್ಪ ಹಿಗ್ಗಿದ. “ಹೆಣ್ಮಕ್ಕಳ ಸಿಡುಬಿನ ಕಲೇನೇ ಮಾಯ ಮಾಡಿ ಗಂಡಿನ ಮನೆಗೆ ಫೋಟೋ ಕಳಿಸ್ದೋನು ನಾನು. ಈ ಹೂವಿನ ರೋಗ ಯಾವ ಲೆಕ್ಕ? ನೆಗೆಟಿವ್‌ಗೇ ಬಣ್ಣ ಕುಡಿಸ್ಬಿಟ್ಟಿದೀನಿ. ತೊಳೆದ್ರೂ ಹೋಗಲ್ಲ, ಎಷ್ಟು ಪ್ರಿಂಟ್ ಹಾಕಿದ್ರೂ ಚುಕ್ಕೆ ಬರಲ್ಲ.”

ಲಕ್ಷ್ಮಣಪ್ಪನಿಗೆ ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಆದರೆ ಎದುರಿಗಿದ್ದವನ ಕಣ್ಣುಗಳು ಎರಡು ದಿನ ಭೂತಗನ್ನಡಿ ಹಿಡಿದು ಕೂತು ಕೆಂಪಗಾಗಿದ್ದವು. ಪಾಪಿಯನ್ನು ಬೈಯುವುದು ಸುಲಭ, ಒಳ್ಳೆಯದು ಮಾಡಲು ಹೋದವನನ್ನು ಏನೆಂದು ಬೈಯುವುದು?

“ಅದು ರೋಗ ಅಲ್ಲಪ್ಪ, ಆ ಊವೇ ಅಂಗೆ,” ಎಂದ. “ಆ ಚುಕ್ಕೆಗೋಸ್ಕರಾನೇ ತೆಗ್ದಿದ್ದು. ಗಿಡಾನೂ ಇಲ್ಲ ಈಗ.”

ಹನುಮಂತರಾಯಪ್ಪನ ಮುಖ ಸಣ್ಣಗಾಯಿತು.

“ಅಯ್ಯೋ, ಒಂದು ಮಾತು ಹೇಳ್ಬಾರ್ದಿತ್ತಾ ಸಾರ್...” ಎಂದವನೇ ಸರಸರನೆ ಖಾನೆ ಎಳೆದು, ಕೂದಲೆಳೆಯಷ್ಟು ಸಣ್ಣ ಬ್ರಷ್ ತೆಗೆದು ಮಸಿಯಲ್ಲಿ ಅದ್ದಿದ. “ಕೂತ್ಕೊಳ್ಳಿ. ಈಗ್ಲೇ ಇಟ್ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ. ಎಷ್ಟಿದ್ವು? ಎಲ್ಲೆಲ್ಲಿ?”

ಲಕ್ಷ್ಮಣಪ್ಪ ಬೆರಳು ಮುಂದೆ ತಂದ. ಎಸಳಿಗೆ ಮೂರು ಇದ್ದವು. ಅಲ್ಲ, ನಾಲ್ಕು. ಕಣ್ಣು ಮುಚ್ಚಿ ಆ ಬೆಳಗನ್ನು ನೆನೆದ. ಕಂಡದ್ದು ಮೇಜಿನ ಮೇಲಿದ್ದ ಫೋಟೋದ ಬಿಳಿ ಹೂವೇ.

“ಹೇಳಿ ಸಾರ್,” ಎಂದ ಹನುಮಂತರಾಯಪ್ಪ. ಅವನು ಎತ್ತಿ ಹಿಡಿದ ಬ್ರಷ್‌ನ ತುದಿಯಲ್ಲಿ ಮಸಿ ಒಣಗುತ್ತಿತ್ತು.