ಕಾಫಿ ಮರದ ದಂಡು

ಆ ಸೋಮವಾರ ಪಾಲಿಬೆಟ್ಟದಲ್ಲಿ ಮಂಜು ಬೇಗನೆ ಬಿಟ್ಟಿತು. ಕಣದಲ್ಲಿ ಹರಡಿದ್ದ ಕಾಫಿ ಹಣ್ಣಿನ ಮೇಲೆ ತೆಳುವಾದ ಬಿಸಿಲು ಬೀಳುವ ಹೊತ್ತಿಗೆ ಸುಬೇದಾರ್ ಉತ್ತಯ್ಯನವರು ಉದ್ದನೆಯ ಮೇಜನ್ನು ಜಗಲಿಗೆ ಎಳೆಸಿ, ಮೇಲೆ ಮರಳು ಹರವಿ, ಗುಡ್ಡ ಕಣಿವೆ ಮಾಡಿಸಿ ಮುಗಿಸಿದ್ದರು.

ಹಳೆಯ ಯುದ್ಧವನ್ನು ಮರಳಿನ ಮೇಲೆ ಮತ್ತೆ ಹೂಡಿ, ದಾರದಿಂದ ದಾರಿ ಅಳೆದು, ದಾಳ ಹಾಕಿ ಆಡುವುದನ್ನು ಅವರು ಪಲ್ಟಣದಲ್ಲಿ ಕಲಿತಿದ್ದರು. ಇವತ್ತಿನದು ಅವರ ಮನೆತನದ್ದೇ ಯುದ್ಧ. ರಾಜರ ಕಾಲದಲ್ಲಿ ಅವರ ಹಿರಿಯರೊಬ್ಬರು ಅರವತ್ತು ಆಳು ಕಟ್ಟಿಕೊಂಡು, ಆಳವಾದ ಕಂದಕದ ಹಿಂದೆ ನಿಂತು, ಹೊರಗಿನ ದಂಡನ್ನು ಇಡೀ ದಿನ ತಡೆದರಂತೆ. ಶನಿವಾರಸಂತೆ ಕಡೆಯಿಂದ ಸಿದ್ದಣ್ಣನೆಂಬವನು ನಲವತ್ತು ಆಳಿನೊಡನೆ ಮದ್ದುಗುಂಡು ತೆಗೆದುಕೊಂಡು ಮಧ್ಯಾಹ್ನಕ್ಕೆ ಬರಬೇಕಿತ್ತು. ಬಂದದ್ದು ದನ ಕೊಟ್ಟಿಗೆಗೆ ಮರಳುವ ಹೊತ್ತಿಗೆ. ಅಷ್ಟರಲ್ಲಿ ಅರವತ್ತು ಹೋಗಿ ಹತ್ತೊಂಬತ್ತು ಉಳಿದಿತ್ತು. ಅಂದು ಸಿದ್ದಣ್ಣನಿಂದ ಕಿತ್ತುಕೊಂಡ ಕಂಚಿನ ಗಂಟೆ ಉತ್ತಯ್ಯನವರ ಬಾಗಿಲಲ್ಲಿ ತೂಗುತ್ತಿತ್ತು. ಬಂದವರು ಅದನ್ನೇ ಬಾರಿಸಿ ಕರೆಯುತ್ತಿದ್ದರು.

ಮೇಜಿಗೆ ಬೇಕಾದ ದಂಡನ್ನು ಕೆತ್ತಿದವನು ಆ ಸಿದ್ದಣ್ಣನ ವಂಶದ ಜಯಪ್ಪ. ಏಲಕ್ಕಿ ವ್ಯಾಪಾರಿಯಾದರೂ ಸೋಮವಾರಕ್ಕೊಂದು ಪುಟ್ಟ ಬಸವನನ್ನು ಮರದಲ್ಲಿ ಕೆತ್ತುವುದು ಅವನ ನೇಮ. ಆ ಕೈಚಳಕ ಕಂಡೇ ಉತ್ತಯ್ಯನವರು ಕಡಿದ ಹಳೆಯ ಕಾಫಿ ಗಿಡದ ಕಾಂಡಗಳನ್ನು ಕೊಟ್ಟು, ಹೆಬ್ಬೆರಳೆತ್ತರದ ಇನ್ನೂರು ಆಳು ಕೇಳಿದ್ದರು. ಜಯಪ್ಪ ಕೂಲಿ ಬೇಡವೆಂದ. ಆಟದಲ್ಲಿ ಸಿದ್ದಣ್ಣನ ಕಡೆಯನ್ನು ತಾನೇ ನಡೆಸಬೇಕೆಂದ.

ಅವನ ಊರಿನ ಬಸವಣ್ಣನ ಗುಡಿಯಲ್ಲಿ ಏಳು ಮನೆಗಳ ಮುಂದಾಳು ಎತ್ತಿನ ಗಂಟೆಗಳಿಗೆ ಏಳು ಕೊಕ್ಕೆ. ಆರರಲ್ಲಿ ಗಂಟೆ, ಏಳನೆಯದು, ಸಿದ್ದಣ್ಣನ ಮನೆಯದು, ಖಾಲಿ. ತಾಯಿ ಗುರುಸಿದ್ದಮ್ಮ ಆರು ಗಂಟೆಗಳಿಗೆ ವಿಭೂತಿ ಹಚ್ಚಿ, ಖಾಲಿ ಕೊಕ್ಕೆಗೂ ಹಚ್ಚುತ್ತಿದ್ದಳು. ಜಯಪ್ಪ ಎರಡು ಸಲ ಗಂಟೆ ವಾಪಸ್ ಕೇಳಿ ನೋಡಿದ್ದ. "ತಡವಾಗಿ ಬಂದವನ ಗಂಟೆ ಅದು. ಇಲ್ಲೇ ಇರಲಿ, ಬರುವವರಿಗೆ ಹೊತ್ತಿನ ನೆನಪಿರ್ತದೆ," ಎಂದಿದ್ದರು ಉತ್ತಯ್ಯ.

ಎರಡು ತಿಂಗಳಲ್ಲಿ ಕೆತ್ತನೆ ಮುಗಿಯಿತು. ಆಳುಗಳನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಬುಟ್ಟಿಗೆ ತುಂಬುತ್ತಿದ್ದ ಗುರುಸಿದ್ದಮ್ಮ ಕೈ ನಿಲ್ಲಿಸಿ ಕೇಳಿದಳು, "ಅಲ್ಲ ಕಣಪ್ಪ, ಮದ್ದುಗುಂಡಿನ ಮೂಟೆ ಯಾರ ತಲೆ ಮೇಲೆ ಕಳಿಸ್ತಿದೀಯ?"

ಜಯಪ್ಪ ಮತ್ತೆ ಉಳಿ ಹಿಡಿದ. ಇನ್ನೊಂದು ವಾರ ಕೂತು, ಎರಡೂ ಪಕ್ಕಕ್ಕೆ ಹೇರು ಇಳಿಬಿದ್ದ ಹನ್ನೆರಡು ಎತ್ತು ಕೆತ್ತಿದ.

ಆ ಸೋಮವಾರ ಮೇಜಿನ ಬಳಿ, ಎದುರು ದಂಡನ್ನು ನಡೆಸಲು ಕೂತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾಗರಾಜು ಅವನ್ನು ನೋಡಿ ನಕ್ಕ. "ಏನ್ ಜಯಪ್ಪಣ್ಣ, ಯುದ್ಧಕ್ಕೆ ಬಂದ್ರೋ, ದನದ ಸಂತೆಗೋ?"

"ಕತೆಯಲ್ಲಿ ಎತ್ತಿಲ್ಲ ಜಯಪ್ಪ," ಎಂದರು ಉತ್ತಯ್ಯ. "ನಲವತ್ತು ಆಳು, ಅಷ್ಟೇ."

"ಹಂಗಾದ್ರೆ ಸುಬೇದಾರ್ರೆ, ಆ ಗಂಟೆ ಯಾರ ಕೊರಳಲ್ಲಿತ್ತು?"

ಉತ್ತಯ್ಯನವರು ಬಾಗಿಲ ಕಡೆ ನೋಡಿದರು.

"ಇಡು," ಎಂದರು ಉತ್ತಯ್ಯ.

ಒಂದು ಸುತ್ತೆಂದರೆ ಅರ್ಧ ಗಂಟೆ. ಬೆಳಿಗ್ಗೆ ಒಂಬತ್ತರಿಂದ ಲೆಕ್ಕ. ಬರಿಗೈ ಆಳಾದರೆ ಸಿದ್ದಣ್ಣನ ದಂಡು ಆರನೆಯ ಸುತ್ತಿಗೆ, ಅಂದರೆ ನಡುಮಧ್ಯಾಹ್ನಕ್ಕೆ ಕಂದಕ ಸೇರುತ್ತಿತ್ತು. ಆದರೆ ಬಡಗಣ ದಾರಿಯಲ್ಲಿ ಐದು ಕಲ್ಲುಬಾಗಿಲು. ಇಂದಿಗೂ ಉಳಿದಿದ್ದ ಕಂಬಗಳ ನಡುವೆ ಉತ್ತಯ್ಯನವರೇ ಟೇಪು ಹಿಡಿದು ಅಳೆದು, ಆಳುಗಳ ಎತ್ತರಕ್ಕೆ ಸರಿಹೊಂದುವಂತೆ ಕಡ್ಡಿ ನೆಟ್ಟಿದ್ದರು. ಜಯಪ್ಪ ಮೊದಲ ಎತ್ತನ್ನು ತಳ್ಳಿದ. ಹೇರು ಎರಡೂ ಕಂಬಕ್ಕೆ ತಾಗಿ ನಿಂತಿತು.

"ಓರೆ ಮಾಡು," ಎಂದರು ಉತ್ತಯ್ಯ. ಓರೆ ಮಾಡಿದರೂ ಆಗಲಿಲ್ಲ. ಅವರೇ ಕನ್ನಡಕ ಹಾಕಿಕೊಂಡು ಇನ್ನೊಂದು ಎತ್ತನ್ನು ತಳ್ಳಿ ನೋಡಿದರು.

"ಹೇರು ಇಳಿಸ್ಬೇಕು," ಎಂದ ನಾಗರಾಜು. "ಆಚೆ ದಾಟಿ ಮತ್ತೆ ಹೇರ್ಬೇಕು. ಹನ್ನೆರಡಕ್ಕೂ."

"ಇಳಿಸೋಕೆ ಒಂದು ಸುತ್ತು, ಹೇರೋಕೆ ಒಂದು," ಎಂದು ಉತ್ತಯ್ಯನವರೇ ತೀರ್ಪು ಕೊಟ್ಟರು.

ಆಟ ನಡೆಯಿತು. ಕಂದಕದಲ್ಲಿ ಆಳುಗಳು ಒಂದೊಂದಾಗಿ ಮಲಗಿದವು. ಜಯಪ್ಪ ಬಾಗಿಲು ಬಾಗಿಲಿಗೂ ಹೇರು ಇಳಿಸಿದ, ಹೇರಿದ. ಐದನೆಯದನ್ನು ದಾಟಿ ಎತ್ತುಗಳು ಕಂದಕ ಮುಟ್ಟಿದಾಗ ಹದಿನಾರನೆಯ ಸುತ್ತು ಮುಗಿದಿತ್ತು. ಉತ್ತಯ್ಯನವರ ಕಡೆ ನಿಂತಿದ್ದವರು ಇಪ್ಪತ್ತೆರಡು ಜನ.

"ಎಷ್ಟು ಗಂಟೆಯಾಯ್ತು?" ಎಂದರು ಉತ್ತಯ್ಯ.

ನಾಗರಾಜು ಬೆರಳು ಮಡಿಸಿದ. "ಸಾಯಂಕಾಲ ಐದು."

"ದನ ಕೊಟ್ಟಿಗೆಗೆ ಬರೋ ಹೊತ್ತು," ಎಂದರು ಅವರು, ತಮಗೇ ಎಂಬಂತೆ. ಮಲಗಿದ್ದ ಆಳೊಂದನ್ನು ಎತ್ತಿ ಮರಳು ಒರೆಸಿ ನಿಲ್ಲಿಸಿದರು. "ದಾರೀಲಿ ಎಲ್ಲೂ ನಿಂತಿರಲಿಲ್ಲ ಸಿದ್ದಣ್ಣ."

"ಇಲ್ಲ," ಎಂದ ಜಯಪ್ಪ.

ಕಾಫಿ ಬಂತು. ಕುಡಿದು ಜಯಪ್ಪ ಹೊಟ್ಟಷ್ಟೇ ಉಳಿದ ಬುಟ್ಟಿ ಎತ್ತಿಕೊಂಡು ಬಸ್ಸಿಗೆಂದು ಮೆಟ್ಟಿಲಿಳಿದ. ಹಿಂದೆ ಸ್ಟೂಲು ಎಳೆದ ಸದ್ದಾಯಿತು. ಉತ್ತಯ್ಯನವರು ಬಾಗಿಲ ಗಂಟೆ ಬಿಚ್ಚಿ, ಹೆಗಲ ಟವೆಲಿನಿಂದ ಒರೆಸಿ, ದಾರಿಯಲ್ಲಿ ಸದ್ದಾಗದಿರಲೆಂದು ಅದರ ನಾಲಗೆಗೆ ಆಟದ ದಾರವನ್ನೇ ಸುತ್ತಿ, ಮೆಟ್ಟಿಲಿಳಿದು ಬಂದು ಬುಟ್ಟಿಯ ಹೊಟ್ಟಿನಲ್ಲಿ ಹುದುಗಿಸಿದರು.

"ತಾಯಿಗೆ ಕೊಡು," ಎಂದರು.