ಮೂರನೆಯ ಮನೆಯ ಊಟ

ಬುತ್ತಿಯ ಗಂಟು ದೊಡ್ಡದಾಗಿತ್ತು. ಅವ್ವನ ತಂಗಿ ಚಿಗವ್ವ ಕಳಕಮ್ಮ ಪಡಸಾಲೆಯಲ್ಲಿ ಕೂತು ಕಡಕ್ ರೊಟ್ಟಿಗಳನ್ನು ಬಿಳಿ ಅರಿವೆಯ ಮೇಲೆ ಒಂದರ ಮೇಲೊಂದು ಇಡುತ್ತಲೇ ಇದ್ದಳು. ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತ ನಾನು ಎಣಿಸಿದೆ. ಇಪ್ಪತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ.

“ಚಿಗವ್ವಾ, ಸಾಕು ಬೇ. ನಾವು ಮೂರು ಮಂದಿ. ಮಧ್ಯಾಹ್ನ ಒಂದು ಹೊತ್ತಿನ ಊಟ.”

“ಗುಡ್ಡ ಹತ್ತೋರಿಗೆ ಎರಡು ಹೊಟ್ಟಿ ಇರತಾವ,” ಎಂದು ಚಿಗವ್ವ ನಕ್ಕಳು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ, ಕೆಂಪು ಖಾರದ ಡಬ್ಬಿ, ಎಣ್ಣೆಗಾಯಿಯ ಡಬ್ಬಿ ಕೂಡ ಗಂಟಿನೊಳಗೆ ಹೋದವು.

“ಹೊರಾಂವ ನಾನು. ನಿನಗ್ಯಾಕ ಭಾರ ಅಕ್ಕಾ?” ಎಂದ ಅವಳ ಮಗ ಕೊಟ್ರಪ್ಪ, ಗಂಟನ್ನು ಹೆಗಲಿಗೆ ಏರಿಸುತ್ತ. ನನಗಿಂತ ಆರು ವರ್ಷ ಚಿಕ್ಕವನು. ಈ ಗುಡ್ಡಗಳ ದಾರಿ ಅವನಷ್ಟು ಬಲ್ಲವರಿಲ್ಲವೆಂದು ನಾನೇ ಅವನನ್ನು ಕರೆದುಕೊಂಡಿದ್ದೆ.

ಅದು ನಮ್ಮ ನಡಿಗೆಯ ಮೂರನೆಯ ದಿನ. ಕೊಪ್ಪಳದ ಕೋಟೆಯ ಬುಡದಿಂದ ಆನೆಗೊಂದಿಯ ತನಕ ನಾಲ್ಕು ದಿನ ಹಳ್ಳಿಯಿಂದ ಹಳ್ಳಿಗೆ ನಡೆಯುವುದು. ರಾತ್ರಿ ಒಂದೊಂದು ಮನೆಯಲ್ಲಿ ತಂಗುವುದು. ಯೋಚನೆ ಹುಬ್ಬಳ್ಳಿಯ ಕವಿತಾ ಅವರದು. ಜನರನ್ನು ನಡಿಗೆಗೆ ಕರೆದೊಯ್ಯುವುದೇ ಅವರ ಕೆಲಸ. ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿ, ಇಂಕಾ ಜನರ ಪಾಳುಗೋಡೆಗಳ ನಡುವೆ, ಏಳು ದಿನ ತಂಗುಮನೆಯಿಂದ ತಂಗುಮನೆಗೆ ನಡೆದು ಬಂದ ಮೇಲೆ ನಮ್ಮ ಕಡೆಯೂ ಅಂಥದೊಂದು ದಾರಿ ಮಾಡಬೇಕೆಂದು ಅವರಿಗೆ ಅನ್ನಿಸಿತ್ತು. ಇತಿಹಾಸ ಓದಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಆರು ವರ್ಷ ಕಳೆದಿದ್ದ ನನಗೆ ಮೂರು ಮನೆಗಳನ್ನು ಹುಡುಕುವ ಕೆಲಸ ಕೊಟ್ಟಿದ್ದರು. ಈಗ ಸ್ವತಃ ನಡೆದು ಪರೀಕ್ಷಿಸುತ್ತಿದ್ದರು. ಅವರು ಒಪ್ಪಿದ ಮನೆಗಳಿಗೆ ಡಿಸೆಂಬರಿನಿಂದ ಜನ ಬರುತ್ತಾರೆ.

ಎರಡನೆಯ ಮನೆ ಚಿಗವ್ವನದು. ಮೂರನೆಯದು ಗುಡ್ಡದ ಆಚೆ, ಹಾಲಗುಂಡಿಯ ಹುಲಗೆಮ್ಮನದು.

ನನ್ನ ಬಳಿ ಒಂದು ಹಾಳೆ ಇತ್ತು. ದಿನ, ದೂರ, ಮನೆ, ಊಟ ಎಂದು ನಾಲ್ಕು ಕಾಲಂ. ಗಾಯದ ಪಟ್ಟಿ ಎಷ್ಟು, ಟಾರ್ಚ್ ಎಷ್ಟು, ಕರಡಿ ಕಂಡರೆ ಯಾರಿಗೆ ಫೋನ್ ಮಾಡಬೇಕು, ಎಲ್ಲವನ್ನೂ ಅದರ ಹಿಂಬದಿಯಲ್ಲಿ ಬರೆದಿದ್ದೆ. ಒಂದು ಜಾಗ ಮಾತ್ರ ಖಾಲಿ ಇತ್ತು: ಹುಲಗೆಮ್ಮನ ಹೆಸರಿನ ಮುಂದೆ, ಊಟ ಎಂಬಲ್ಲಿ. ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ. ಎರಡು ತಿಂಗಳಾಗಿತ್ತು.

ಯಾಕೆ ಬಿಟ್ಟಿದ್ದೆ ಎಂದು ನನಗೆ ಗೊತ್ತಿತ್ತು. ಅವಳ ಕೇರಿಯ ಮನೆಗಳಲ್ಲಿ ನಮ್ಮವರು ಉಣ್ಣುವುದಿಲ್ಲ. ಊರ ಶಾಲೆಯ ಅಡುಗೆಗೆ ಹುಲಗೆಮ್ಮನ ನೇಮಕವಾದಾಗ ಯಾರೂ ಜಗಳ ಮಾಡಲಿಲ್ಲ. ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದವು, ಅಷ್ಟೇ. ತಿಂಗಳೊಳಗೆ ಅವಳಿಗೆ ಪಾತ್ರೆ ತೊಳೆಯುವ ಕೆಲಸ ಉಳಿಯಿತು. ಇದನ್ನು ನನಗೆ ಹೇಳಿದವಳು ಅವಳೇ. ಆಮೇಲೆ ತನ್ನ ಕೊಟ್ಟಿಗೆಯನ್ನು ಕೋಣೆ ಮಾಡಿ, ಸುಣ್ಣ ಬಳಿದು, ಸೊಳ್ಳೆ ಪರದೆ ತಂದು, ಕಾಯುತ್ತಿದ್ದಳು.

ಕೋಣೆ ನೋಡಲು ನಾನು ಮೂರು ಸಲ ಹೋಗಿದ್ದೆ. ಮೂರು ಸಲವೂ ಚಹಾ ಕುಡಿದಿರಲಿಲ್ಲ. ಒಮ್ಮೆ ಸೋಮವಾರದ ಉಪವಾಸ ಎಂದೆ. ಒಮ್ಮೆ ಈಗ ಕುಡಿದು ಬಂದೆ ಎಂದೆ. ಒಮ್ಮೆ ಅಸಿಡಿಟಿ ಎಂದೆ. ಮೂರು ಸಲವೂ ಕೊಟ್ರಪ್ಪ ಪಕ್ಕದಲ್ಲಿದ್ದ.

ಗುಡ್ಡ ಹತ್ತಲು ಎರಡೂವರೆ ತಾಸು ಹಿಡಿಯಿತು. ಬಂಡೆಗಳ ಸಂದಿಯಲ್ಲಿ ಏನು ಅಲುಗಿದರೂ ನಾನು ನಿಲ್ಲುತ್ತಿದ್ದೆ.

“ಕರಡಿ ಅಲ್ಲಕ್ಕಾ, ಓತಿಕ್ಯಾತ. ನಿನ್ನ ನೋಡಿ ಅದಕ್ಕ ಅಂಜಿಕಿ ಬಂದೈತಿ,” ಎಂದ ಕೊಟ್ರಪ್ಪ. ಕವಿತಾ ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ಅವನ ಹೆಗಲ ಗಂಟಿನ ಮೇಲೇ ಇತ್ತು.

ಮೇಲೆ ಮೋರೇರ ಮನೆಗಳು. ನಿಲ್ಲಿಸಿದ ಕಲ್ಲುಚಪ್ಪಡಿಗಳು, ಮೇಲೊಂದು ಚಪ್ಪಡಿಯ ಮಾಳಿಗೆ, ಒಂದು ಬದಿಗೆ ದುಂಡನೆಯ ಕಿಂಡಿ. ಸಾವಿರಾರು ವರ್ಷದ ಹಿಂದಿನ ಜನ ಸತ್ತವರಿಗಾಗಿ ಕಟ್ಟಿದ್ದು; ಊರಿನವರು ಮಾತ್ರ ಮೊಳದುದ್ದದ ಮೋರೇರು ಇಲ್ಲಿ ಬಾಳಿದ್ದರು ಎನ್ನುತ್ತಾರೆ. ಕವಿತಾ ಒಂದೊಂದನ್ನೂ ಬಗ್ಗಿ ನೋಡಿದರು. ಇಂಕಾ ಗೋಡೆಗಳಲ್ಲಿ ಗಾರೆಯಿಲ್ಲದೆ ಕೂತ ಕಲ್ಲುಗಳ ನಡುವೆ ತಮ್ಮ ಉಗುರು ಕೂಡ ಹೋಗಿರಲಿಲ್ಲ ಎಂದರು.

ಹಳ್ಳದ ಒರತೆಯ ಪಕ್ಕ ಉಣ್ಣಲು ಕೂತೆವು. ರೊಟ್ಟಿ ಮುರಿಯುತ್ತ ಅವರು ಹೇಳಿದರು: “ಅಲ್ಲಿ ಒಂದು ಮನಿಯೊಳಗ ನಾ ತಪ್ಪು ಮಾಡಿದೆ, ಶೈಲಜಾ. ಹೊಟ್ಟಿ ಕೆಟ್ಟೀತು ಅಂತ ನನ್ನ ಬ್ರೆಡ್ ನಾ ತಿಂದು ಮಲಗಿದೆ. ಮನಿಯಾಕಿ ಬಟಾಟಿ ಕುದಿಸಿಟ್ಟು ಕಾಯ್ತಾ ಕೂತಿದ್ಳಂತ. ಮುಂಜಾನೆ ನಾ ಹೊರಟಾಗ ಹೊರಗ ಬರಲಿಲ್ಲ. ಏಳು ದಿನದಾಗ ಆ ಮುಚ್ಚಿದ ಬಾಗಿಲಾನೇ ನನಗ ಹೆಚ್ಚು ನೆನಪು.” ಆಮೇಲೆ ನನ್ನ ಕಡೆ ತಿರುಗಿ, “ಇವತ್ತಿನ ಮನಿಯಾಗ ಏನು ಊಟ?” ಎಂದರು.

ನಾನು ನೀರು ಕುಡಿದೆ.

“ಅದೆಲ್ಲಾ ವ್ಯವಸ್ಥಾ ಆಗೈತ್ರಿ,” ಎಂದ ಕೊಟ್ರಪ್ಪ. ಉಳಿದ ರೊಟ್ಟಿಗಳನ್ನು ಒಟ್ಟು ಮಾಡಿ, ಅರಿವೆಯ ನಾಲ್ಕು ತುದಿ ಎಳೆದು ಬಿಗಿಯಾಗಿ ಕಟ್ಟಿದ. “ರಾತ್ರಿಗೂ ಬರೋಬ್ಬರಿ ಆಗತೈತಿ. ಅವ್ವ ಲೆಕ್ಕ ಹಾಕೇ ಕಟ್ಟ್ಯಾಳ.”

ಕವಿತಾ ನನ್ನನ್ನು ನೋಡಿದರು, ಆಮೇಲೆ ಕೈ ತೊಳೆಯಲು ಎದ್ದರು.

ಹೀಗೆ ಅದು ತೀರ್ಮಾನವಾಗಿತ್ತು. ಯಾರೂ ಯಾರಿಗೂ ಬೈದಿರಲಿಲ್ಲ, ಬೇಡ ಅಂದಿರಲಿಲ್ಲ. ಹೊರಟವರಿಗೆ ಬುತ್ತಿ ಕಟ್ಟುವುದು ನಮ್ಮ ಮನೆಗಳ ಪದ್ಧತಿ. ಚಿಗವ್ವ ಅದನ್ನು ಒಂದು ಹೊತ್ತು ಹೆಚ್ಚು ಕಟ್ಟಿದ್ದಳು, ಅಷ್ಟೇ. ನಾನು ಖಾಲಿ ಬಿಟ್ಟ ಜಾಗವನ್ನು ಅವಳು ರೊಟ್ಟಿಯಿಂದ ತುಂಬಿದ್ದಳು. ಹುಲಗೆಮ್ಮನ ಮನೆಯಲ್ಲಿ ನಾವು ಮಲಗುತ್ತೇವೆ, ಅವಳ ಸೊಳ್ಳೆ ಪರದೆ ಛಲೋ ಐತಿ ಎನ್ನುತ್ತೇವೆ, ಚಿಗವ್ವನ ರೊಟ್ಟಿ ತಿನ್ನುತ್ತೇವೆ. ಡಿಸೆಂಬರಿನಿಂದ ಬರುವವರೂ ಹಾಗೇ ಮಾಡುತ್ತಾರೆ.

ಫೋನಿಗೆ ಸಿಗ್ನಲ್ ಸಿಗುತ್ತದೆಯೇ ನೋಡುತ್ತೇನೆಂದು ಕೊಟ್ರಪ್ಪ ದೊಡ್ಡ ಗುಂಡುಗಲ್ಲು ಹತ್ತಿ ಹೋದ. ಗಂಟು ನನ್ನ ಪಕ್ಕದಲ್ಲಿತ್ತು. ಅವನು ಬಂದ ಮೇಲೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ‘ನೋಡಪಾ ಕೊಟ್ರಾ’ ಎಂದು ಶುರು ಮಾಡುವುದು. ಅದಕ್ಕೆ ಅವನು ಏನು ಹೇಳುತ್ತಾನೆ, ಅದನ್ನು ಚಿಗವ್ವ ನನ್ನ ಅವ್ವನಿಗೆ ಹೇಗೆ ಹೇಳುತ್ತಾಳೆ, ಅವ್ವ ಎಷ್ಟು ದಿನ ಮಾತು ಬಿಡುತ್ತಾಳೆ, ಎಲ್ಲವನ್ನೂ ಯೋಚಿಸಿದೆ.

ಅಷ್ಟರಲ್ಲಿ ಹಳ್ಳದ ಆಚೆಯಿಂದ ಐವರು ಹೆಂಗಸರು ಬುಟ್ಟಿ ತುಂಬ ಸೀತಾಫಲ ಹೊತ್ತು ನೀರು ಕುಡಿಯಲು ಇಳಿದರು. ಮುಂದಿದ್ದ ಮುದುಕಿ ಬುಟ್ಟಿ ಇಳಿಸಿ ನನ್ನ ಬೂಟು ನೋಡಿದಳು.

“ಯಾವೂರವ್ವಾ? ಈ ಬೂಟ ಹಾಕ್ಕೊಂಡು ಎಲ್ಲಿಗೆ ದಂಡಯಾತ್ರಿ?”

“ಹಾಲಗುಂಡಿಗೆ ಹೊಂಟೀವಬೇ. ಉಂಡ್ರೇನು?”

“ಮುಂಜಾನಿ ಉಂಡಿದ್ದು. ಯಾಕ, ನೀ ನೀಡಾಕಿ ಏನು?”

ಗಂಟನ್ನು ಎತ್ತಿ ಅವಳ ಮುಂದೆ ಇಟ್ಟೆ. ನಾನೇ ಮಾಡಿದೆನೋ, ನನ್ನ ಕೈ ಮಾಡಿತೋ.

ಮುದುಕಿ ಗಂಟು ಮುಟ್ಟಲಿಲ್ಲ. “ಯಾರ ಮನಿದು?”

“ಕಳಕಮ್ಮಂದು.”

“ಅಯ್ಯ, ಹಂಗಾರ ಹಿಂಡಿ ಛಲೋ ಇರತೈತಿ!” ಎಂದು ಅವಳು ಕೂತೇಬಿಟ್ಟಳು. “ಬರ್ರಿ ಬರ್ರಿ. ಈ ಸಣ್ಣವ್ವಗ ಇವತ್ತು ಗುಡ್ಡದಾಗ ಬೀಗರೂಟ.”

ಕೊಟ್ರಪ್ಪ ಇಳಿದು ಬರುವಷ್ಟರಲ್ಲಿ ಅರಿವೆ, ಡಬ್ಬಿ ಎಲ್ಲ ಬರಿದಾಗಿದ್ದವು. ಮುದುಕಿ ಸಣ್ಣವ್ವ ಅರಿವೆಯಲ್ಲಿ ಎಂಟು ಸೀತಾಫಲ ಕಟ್ಟಿ ಕೊಟ್ಟು ಹೋಗಿದ್ದಳು. ಅವನು ಅರಿವೆ ನೋಡಿದ, ನನ್ನನ್ನು ನೋಡಿದ, ಮೊದಲು ನಕ್ಕ.

“ಅಕ್ಕಾ, ಏನ್ ಮಾಡಿದಿ?”

“ಹಸಿದಿದ್ರು, ಕೊಟ್ಟೆ.”

“ಭಾಳ ಪುಣ್ಯ ಕಟಗೊಂಡಿ. ಹಂಗಾರ ರಾತ್ರಿ ಉಪಾಸ.”

“ಹುಲಗೆವ್ವ ಮಾಡಿರತಾಳ.”

“ಎಲ್ಲಿಂದ ಮಾಡತಾಳ? ಅಡಿಗಿ ಮಾಡಬ್ಯಾಡ, ಬುತ್ತಿ ತರತೀವಿ ಅಂತ ನಿನ್ನೇನ ಫೋನ್ ಹಚ್ಚಿ ಹೇಳೀನಿ. ನೀನು ಊಟದ್ದು ಏನೂ ಬರದಿಲ್ಲಲ್ಲ ಹಾಳಿಯಾಗ? ನಾನ ಸಂಭಾಳಿಸಿದೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಪರವಾಗಿ ಒಂದು ಉಪಕಾರ ಮಾಡಿದ್ದೇನೆಂದೇ ಅವನು ನಂಬಿದ್ದ.

ಇಳಿಜಾರಿನ ಉದ್ದಕ್ಕೂ ಅವನು ಇಪ್ಪತ್ತು ಹೆಜ್ಜೆ ಮುಂದೆ ನಡೆದ. ಕವಿತಾ ನನ್ನ ಪಕ್ಕಕ್ಕೆ ಬಂದರು.

“ಜಗಳ ಮಾಡೋ ಜಾಗದಾಗ ರೊಟ್ಟಿ ಹಂಚಿದ್ರಿ ನೀವು,” ಎಂದರು. ಅದು ಮೆಚ್ಚುಗೆಯಲ್ಲ ಎಂದು ನನಗೆ ತಿಳಿಯಿತು.

ಹಾಲಗುಂಡಿ ತಲುಪಿದಾಗ ಹೊತ್ತು ಮುಳುಗಿತ್ತು. ಹುಲಗೆಮ್ಮ ಅಂಗಳ ಸಾರಿಸಿ, ಬಚ್ಚಲ ಒಲೆ ಹಚ್ಚಿ, ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದಳು. ನಲವತ್ತರ ಹೆಂಗಸು, ಗಟ್ಟಿ ಮೈಕಟ್ಟು. ಗಂಡ ಓಬಳೆಪ್ಪ ಭತ್ತದ ಕೊಯ್ಲಿಗೆಂದು ಸಿದ್ದಾಪುರದ ಕಡೆ ಹೋಗಿದ್ದ. ಕೋಣೆಯಲ್ಲಿ ಎರಡು ಮಂಚ, ಒಗೆದ ಚಾದರ, ಕಿಟಕಿಯಲ್ಲಿ ಒಂದು ತಂಬಿಗೆ ನೀರು. ಅಡುಗೆಮನೆಯ ಒಲೆ ಮಾತ್ರ ತಣ್ಣಗಿತ್ತು. ಬಾಗಿಲಿನಿಂದಲೇ ಅದು ಕಾಣುತ್ತಿತ್ತು.

ಕೊಟ್ರಪ್ಪ ಒಳಗೆ ಬರಲಿಲ್ಲ. ಎದುರಿನ ಗುಡಿಯ ಕಟ್ಟೆಯ ಮೇಲೆ ಕೂತು ಬಿಸ್ಕೀಟಿನ ಪೊಟ್ಟಣ ಒಡೆದ.

ಸ್ನಾನ ಮುಗಿಸಿ ಬಂದ ಕವಿತಾ ನೇರವಾಗಿ ಕೇಳಿದರು: “ಹುಲಗೆಮ್ಮಾರ, ಹಸಿವಿ ಭಾಳ ಆಗೇದ. ಏನರ ಐತೇನ್ರಿ?”

ಹುಲಗೆಮ್ಮ ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು. “ಬುತ್ತಿ ತರತೀವಿ ಅಂದಿದ್ರಲ್ಲ ಅಕ್ಕಾರ?”

“ಇಲ್ಲ. ದಾರಿಯಾಗ ಕೊಟ್ಟಬಿಟ್ಟೆ.”

“ಕೊಟ್ಟು ಬಂದ್ರಿ. ನನಗ ಒಲಿ ಹಚ್ಚಬ್ಯಾಡ ಅಂತ ಹೇಳಿಸಿದ್ರಿ. ಈಗ ಊಟ ಕೇಳಾಕತ್ತೀರಿ.” ದನಿ ಏರಲಿಲ್ಲ. “ಮೊನ್ನೆ ಗಂಗಾವತಿಗೆ ಹೋಗಿ ಬ್ಯಾಳಿ ತಂದೀನ್ರಿ. ಹಿಟ್ಟು ಬೀಸಿಸೀನಿ. ನಿನ್ನೆ ಫೋನ್ ಬಂದ ಮ್ಯಾಲೆ ಎಲ್ಲಾ ಎತ್ತಿಟ್ಟೆ. ಬ್ಯಾಡ ಅಂದಿದ್ದು ಯಾರು? ಕೊಟ್ರಪ್ಪನೋ, ನೀವೋ?”

ಕಟ್ಟೆಯ ಕಡೆ ಬೆರಳು ತೋರಿಸುವುದು ಸುಲಭವಿತ್ತು. ಅವನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ ಇದ್ದ.

“ಅವಾ ಹೇಳಿದ್ದು ಖರೆ. ಆದ್ರ ಹಾಳಿಯಾಗ ನಾನ ಖಾಲಿ ಬಿಟ್ಟಿದ್ದೆ. ಎರಡು ತಿಂಗಳಿಂದ,” ಎಂದೆ.

“ಯಾಕ?”

“ಅಂಜಿಕಿ.”

“ನಂದೇನು ಅಂಜಿಕಿ ನಿಮಗ?”

“ನಿಮ್ಮದಲ್ಲ. ನಮ್ಮವರದು.”

ಹುಲಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿದಳು. ಕವಿತಾ ಅವಳ ಹಿಂದೆಯೇ ಹೋಗಿ ಉಳ್ಳಾಗಡ್ಡಿ ಹೆಚ್ಚಲು ಕೂತರು. ನಾನು ಹೊಸ್ತಿಲಲ್ಲೇ ಉಳಿದೆ. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಬೀದಿಯಲ್ಲಿ ಹೋಗುವವರೆಲ್ಲ ಒಮ್ಮೆ ಒಳಗೆ ಇಣುಕಿ, ಒಮ್ಮೆ ಗುಡಿ ಕಟ್ಟೆಯ ಕಡೆ ನೋಡಿ ಮುಂದೆ ಹೋಗುತ್ತಿದ್ದರು. ನಾನು ಒಬ್ಬೊಬ್ಬರನ್ನೂ ನೋಡಿದೆ.

ಎಂಟು ಗಂಟೆಗೆ ಅವಳು ತಾಟು ಇಟ್ಟಳು. ಒಂದೇ ತಾಟು. ಬಿಸಿ ರೊಟ್ಟಿ, ಬೇಳೆ, ಹಸಿ ಉಳ್ಳಾಗಡ್ಡಿ.

“ನನಗ?” ಎಂದೆ.

“ನಿಮಗ ಅಸಿಡಿಟಿ ಅಲ್ಲೇನ್ರಿ?” ಎಂದಳು ಹುಲಗೆಮ್ಮ, ಹೆಂಚಿನಿಂದ ಕಣ್ಣು ಎತ್ತದೆ. “ಇಲ್ಲಾಂದ್ರ ಇವತ್ತು ಸೋಮವಾರ ಇರಬೇಕು.”

ಕವಿತಾ ನಗು ತಡೆಯಲು ನೀರು ಕುಡಿದರು. ಗೋಡೆಗೆ ಒರಗಿಸಿದ್ದ ತಾಟುಗಳಲ್ಲಿ ಒಂದನ್ನು ನಾನೇ ತೆಗೆದುಕೊಂಡು, ತೊಳೆದು, ಅವಳ ಮುಂದೆ ಹಿಡಿದು ಕೂತೆ. ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಆಮೇಲೆ ನೀಡಿದಳು. ಬೇಳೆಗೆ ಹುಣಸೆ ಹೆಚ್ಚಾಗಿತ್ತು. ಎರಡು ರೊಟ್ಟಿ ಉಂಡೆ. ಮೂರನೆಯದು ಕೇಳುವ ಧೈರ್ಯವಾಗಲಿಲ್ಲ, ಆದರೂ ಕೇಳಿದೆ.

“ಮನಿ ನನಗ ಒಪ್ಪಿಗಿ ಆತು,” ಎಂದರು ಕವಿತಾ ಕೈ ತೊಳೆದು.

“ನಾ ಇನ್ನೂ ಹ್ಞೂಂ ಅಂದಿಲ್ಲರಿ,” ಎಂದಳು ಹುಲಗೆಮ್ಮ. “ಊಟ ಇಲ್ಲದ ಮನಿ ಅಂತ ಬರಿಯೋದಿದ್ರ ನನ್ನ ಹೆಸರು ಬ್ಯಾಡ. ಬರೀ ಮಲಗಾಕ ಬಸ್ ಸ್ಟ್ಯಾಂಡಿನ್ಯಾಗೂ ಜಾಗ ಐತಿ. ಅಕ್ಕಾರ, ಆ ಹಾಳಿ ತಗೀರಿ.”

ಹಾಳೆ ತೆಗೆದೆ. ಖಾಲಿ ಜಾಗದಲ್ಲಿ ಬರೆದೆ. ಅವಳು ಓದಿಸಿದಳು: “ಮೂರನೆಯ ರಾತ್ರಿ, ಹುಲಗೆಮ್ಮನವರ ಮನೆ. ಊಟ, ನಾಷ್ಟಾ, ಮರುದಿನದ ಬುತ್ತಿ, ಅದೇ ಮನೆಯದು.” ಇನ್ನೊಮ್ಮೆ ಓದಿಸಿದಳು. ಆಮೇಲೆ ತಲೆ ಆಡಿಸಿದಳು.

ನನ್ನ ಫೋನ್ ಬಡಿಯಿತು. ಚಿಗವ್ವ.

“ಯವ್ವಾ ಶೈಲಾ, ಮುಟ್ಟಿದ್ರೇನು? ಬುತ್ತಿ ಸಾಕಾತಿಲ್ಲೋ?”

“ಬುತ್ತಿ ಗುಡ್ಡದಾಗ ಸೀತಾಫಲದವರಿಗೆ ಕೊಟ್ಟೆ, ಚಿಗವ್ವಾ.”

“ಅಯ್ಯ! ಮತ್ತ ಎಲ್ಲಿ ಉಂಡಿ?”

ಸೀತಾಫಲ ತಿಂದೆ ಎನ್ನಬಹುದಿತ್ತು. ಅದು ಸುಳ್ಳು ಕೂಡ ಆಗುತ್ತಿರಲಿಲ್ಲ. ಇಳಿಯುವಾಗ ಒಂದು ತಿಂದಿದ್ದೆ.

“ಹುಲಗೆವ್ವನ ಮನಿಯಾಗ ಉಂಡೆ. ಮೂರು ರೊಟ್ಟಿ.”

ಆ ಕಡೆ ಟಿವಿಯ ಧಾರಾವಾಹಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಸಣ್ಣ ಮಾಡಿದರು.

“ಕೊಟ್ರ ಉಂಡಾನೇನು?”

“ಇಲ್ಲ.”

“ಆತು,” ಎಂದು ಚಿಗವ್ವ ಫೋನ್ ಇಟ್ಟಳು.

ಎದುರಿನ ಕಟ್ಟೆಯ ಮೇಲೆ ಆಗಲೇ ಕೊಟ್ರಪ್ಪನ ಫೋನ್ ಬೆಳಗಿತ್ತು. ಅವನು ಕಿವಿಗೆ ಹಿಡಿದು ಕೇಳುತ್ತಿದ್ದ, ನಮ್ಮ ಬಾಗಿಲನ್ನೇ ನೋಡುತ್ತಿದ್ದ. ನಾಳೆ ದಾರಿ ತೋರಿಸಲು ಅವನು ಇರುತ್ತಾನೋ, ಎದ್ದು ಊರಿಗೆ ಹೋಗಿರುತ್ತಾನೋ. ಚಿಗವ್ವ ತನ್ನ ಮನೆಯ ಹೆಸರನ್ನು ಹಾಳೆಯಲ್ಲಿ ಉಳಿಸುತ್ತಾಳೋ ಇಲ್ಲವೋ. ಅವ್ವನಿಗೆ ಸುದ್ದಿ ಮುಟ್ಟಲು ಎಷ್ಟು ನಿಮಿಷ ಬೇಕು.

“ಮುಂಜಾನಿ ಮಂಡಕ್ಕಿ ಸುಸಲಾ ಮಾಡತೀನ್ರಿ,” ಎಂದಳು ಹುಲಗೆಮ್ಮ ಒಲೆಯ ಬೂದಿ ಎಳೆಯುತ್ತ. “ಎಷ್ಟು ಮಂದಿಗೆ? ಇಬ್ಬರಿಗೋ, ಮೂವರಿಗೋ?”

ನಾನು ಹೊಸ್ತಿಲ ಆಚೆ ಅಂಗಳಕ್ಕೆ ಬಂದು ನಿಂತೆ.

“ಮೂವರಿಗೆ,” ಎಂದೆ, ಗುಡಿ ಕಟ್ಟೆಯ ತನಕ ಕೇಳುವ ಹಾಗೆ.